ಗ್ಲಾಸಿನಾಚೆ ಸಮುದ್ರ: ಸ್ಯಾಂಟೊರಿನಿಗೋ, ಕೇಪ್‌ಟೌನಿಗೋ, ವೈಹೆಕೆಗೋ?

ಎರಡು ತಿಂಗಳಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಮೊದಲು ಕೇಳಿದ್ದು ಮದುವೆಯಾಗಿ ವರ್ಷ ತುಂಬುತ್ತಿರುವ ನನ್ನ ಸೋದರತ್ತೆಯ ಮಗಳು. ಆಮೇಲೆ ಪಕ್ಕದ ರಸ್ತೆಯ ನಿವೃತ್ತ ಮೇಷ್ಟ್ರು. ಅವರ ಮಗಳು ಆಕ್ಲೆಂಡಿನಲ್ಲಿದ್ದಾಳೆ. ಕೊನೆಗೆ ನನ್ನ ಕಾಲೇಜಿನ ನಾಲ್ಕು ಜನ ಗೆಳೆಯರು. ಎಲ್ಲರ ತಲೆಯಲ್ಲೂ ಒಂದೇ ಚಿತ್ರ. ಕೈಯಲ್ಲಿ ವೈನ್ ಗ್ಲಾಸು, ಎದುರಿಗೆ ಸಮುದ್ರ, ನಡುವೆ ದ್ರಾಕ್ಷಿ ತೋಟ. ಎಲ್ಲಿಗೆ ಹೋದರೆ ಚೆನ್ನ?

ಇಷ್ಟು ದೊಡ್ಡ ಕರಾವಳಿ ನಮ್ಮಲ್ಲೇ ಇದೆಯಲ್ಲ, ಉಡುಪಿ ಕಡೆ ಯಾಕೆ ಇಂಥದ್ದಿಲ್ಲ ಅಂತ ಮೇಷ್ಟ್ರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ನಮ್ಮ ವೈನ್ ದ್ರಾಕ್ಷಿ ಇರುವುದು ನಂದಿ ಬೆಟ್ಟದ ಬುಡದಲ್ಲಿ, ವಿಜಯಪುರದ ಒಣ ಬಯಲಿನಲ್ಲಿ. ಕರಾವಳಿಯಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಗೆ ಬಳ್ಳಿ ತಡೆಯುವುದಿಲ್ಲ. ದ್ರಾಕ್ಷಿ ರೈತರು ‘ಡೌನಿ’ ಎನ್ನುವ ರೋಗ ಎಲೆ, ಗೊಂಚಲು ಎರಡನ್ನೂ ತಿಂದುಹಾಕುತ್ತದೆ. ಸಮುದ್ರದ ಪಕ್ಕ ಒಳ್ಳೆಯ ವೈನ್ ಆಗಬೇಕಾದರೆ ಗಾಳಿ ತಂಪಾಗಿರಬೇಕು, ಹಣ್ಣು ಮಾಗುವ ಹೊತ್ತಿಗೆ ಮಳೆ ದೂರ ಇರಬೇಕು. ಆಗ ದ್ರಾಕ್ಷಿ ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಸಿಕೊಳ್ಳುತ್ತದೆ. ಈ ಎರಡೂ ಕೂಡಿಬರುವ ಜಾಗಗಳು ಲೋಕದಲ್ಲಿ ಕಮ್ಮಿ. ಹಾಗಾಗಿ ಟಿಕೆಟ್ ತೆಗೆಯಲೇಬೇಕು.

ಆಯ್ಕೆ ಶುರುವಾಗಬೇಕಾದದ್ದು ವೈನಿನಿಂದಲ್ಲ, ಕಾರಿನ ಕೀಯಿಂದ. ಲೆಕ್ಕ ಹಾಕಿ ನೋಡಿ. ಒಂದು ಟೇಸ್ಟಿಂಗ್ ಅಂದರೆ ಸಾಮಾನ್ಯವಾಗಿ ಐದು ಬಗೆಯ ವೈನು, ಒಂದೊಂದೂ 40 ಮಿಲಿ ಆಸುಪಾಸು. ಅಲ್ಲಿಗೆ 200 ಮಿಲಿ. ದಿನಕ್ಕೆ ಮೂರು ವೈನರಿ ನೋಡಿದರೆ 600 ಮಿಲಿ. ಪೂರ್ತಿ ಬಾಟಲಿಗೆ ಒಂದು ಗ್ಲಾಸು ಮಾತ್ರ ಕಡಿಮೆ! ನಾನು ಕೆಳಗೆ ಹೇಳುವ ದೇಶಗಳಲ್ಲೆಲ್ಲ 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ದಾಟಿದರೆ ಗಾಡಿ ಓಡಿಸುವಂತಿಲ್ಲ. ನಮ್ಮಲ್ಲಿ ಅದು 30. ಹಾಗಾಗಿ ‘ಅಲ್ಲಿ ಸ್ವಲ್ಪ ಸಡಿಲ’ ಅನ್ನಿಸಬಹುದು, ಆದರೆ 600 ಮಿಲಿಗೆ ಯಾವ ಸಡಿಲವೂ ಸಾಲದು.

ಇದಕ್ಕೆ ಅಲ್ಲಿನವರ ಉಪಾಯ ಸುಲಭ. ಬಾಯಲ್ಲಿ ಆಡಿಸಿ ಉಗುಳುವುದು. ಮೇಜಿನ ಮೇಲೆ ಅದಕ್ಕೇ ಒಂದು ಪಾತ್ರೆ ಇಟ್ಟಿರುತ್ತಾರೆ, ಥೇಟ್ ನಮ್ಮ ಪೀಕದಾನಿ. ಎಲೆ ಅಡಿಕೆ ಉಗುಳಿ ಬೆಳೆದ ಊರಿನವರು ನಾವು. ಆದರೂ ನಾಲ್ಕು ಜನರ ನಡುವೆ, ಅದೂ ದುಡ್ಡು ಕೊಟ್ಟ ವೈನನ್ನು ಎಂಜಲು ಪಾತ್ರೆಗೆ ಉಗುಳಲು ನನಗೆ ಮೊದಲ ದಿನ ಕೈಕಾಲೇ ಬರಲಿಲ್ಲ. ನುಂಗಿದೆ. ಮೂರನೇ ವೈನರಿಯಲ್ಲಿ ಕುಡಿದದ್ದು ಏನು ಅಂತ ಇವತ್ತಿಗೂ ನೆನಪಿಲ್ಲ. ಎರಡನೇ ದಿನ ಕಲಿತೆ.

ಕೀ ಆದ ಮೇಲೆ ನೋಡಬೇಕಾದ್ದು, ಜೊತೆಯಲ್ಲಿ ಕುಡಿಯದವರು ಎಷ್ಟು ಜನ, ಅವರು ಆ ಮೂರು ಗಂಟೆ ಏನು ಮಾಡುತ್ತಾರೆ ಅನ್ನುವುದು. ನಮ್ಮ ಕುಟುಂಬಗಳಲ್ಲಿ ಇದು ಚಿಕ್ಕ ವಿಷಯ ಅಲ್ಲ. ಸಮುದ್ರದ ವಿಷಯವೂ ಅಷ್ಟೇ: ನಿಜವಾಗಿ ಕಣ್ಣೆದುರು ಇರುತ್ತದೋ, ಐದು ಕಿಲೋಮೀಟರ್ ಆಚೆ ಇದ್ದು ಗಾಳಿಯಲ್ಲಷ್ಟೇ ಬರುತ್ತದೋ? ‘ಕೋಸ್ಟಲ್ ವೈನ್’ ಅಂತ ಲೇಬಲ್ ಮೇಲೆ ಇದ್ದ ಮಾತ್ರಕ್ಕೆ ಕಿಟಕಿಯಲ್ಲಿ ಅಲೆ ಕಾಣಬೇಕೆಂದಿಲ್ಲ. ಮಿಕ್ಕಿದ್ದು ರಜೆಯ ತಿಂಗಳು ಮತ್ತು ದುಡ್ಡು. ಅದು ನಿಮಗೇ ಗೊತ್ತು.

ಸ್ಯಾಂಟೊರಿನಿ, ಗ್ರೀಸ್

ನೋಡಿದರೆ ನಂಬಲು ಕಷ್ಟವಾಗುವ ತೋಟಗಳು ಇಲ್ಲಿವೆ. ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗವೇ ಸಮುದ್ರಕ್ಕೆ ಕುಸಿಯಿತು. ಉಳಿದ ಅಂಚಿನ ಮೇಲೆ ಬೂದಿ, ಹಗುರ ಕಲ್ಲು. ಚಳ್ಳಕೆರೆಗಿಂತ ಕಡಿಮೆ ಮಳೆ. ಬೇಸಿಗೆಯಲ್ಲಿ ಮೆಲ್ಟೆಮಿ ಅನ್ನುವ ಗಾಳಿ, ನಿಂತವರನ್ನು ತಳ್ಳುವಷ್ಟು ಜೋರು. ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸಿದರೆ ಉಳಿಯುವುದಿಲ್ಲ. ಅದಕ್ಕೆ ಅಲ್ಲಿನ ರೈತರು ಬಳ್ಳಿಯನ್ನು ನೆಲದ ಮೇಲೇ ಸುತ್ತುತ್ತಾರೆ. ಕೊಡ ಹೊರಲು ತಲೆಗೆ ಸಿಂಬೆ ಸುತ್ತುತ್ತೇವಲ್ಲ, ಹಾಗೆ. ವರ್ಷ ವರ್ಷ ಸುತ್ತಿ ಸುತ್ತಿ ಅದು ಬುಟ್ಟಿಯಾಗುತ್ತದೆ. ಗೊಂಚಲು ಬುಟ್ಟಿಯೊಳಗೆ, ಗಾಳಿಗೂ ಬಿಸಿಲಿಗೂ ಮರೆಯಾಗಿ ಬೆಳೆಯುತ್ತದೆ. ರಾತ್ರಿ ಸಮುದ್ರದಿಂದ ಬರುವ ಮಂಜಿನ ಪಸೆಯೇ ನೀರು. ದೂರದಿಂದ ನೋಡಿದರೆ ತೋಟ ಅನ್ನಿಸುವುದೇ ಇಲ್ಲ, ಬೂದಿ ಬಯಲಲ್ಲಿ ಯಾರೋ ಹಸಿರು ಬುಟ್ಟಿ ಮರೆತು ಹೋದ ಹಾಗೆ ಕಾಣುತ್ತದೆ.

19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನೆಲ್ಲ ಬೇರಿನಿಂದ ತಿಂದ ಫಿಲಾಕ್ಸೆರಾ ಅನ್ನುವ ಹೇನು ಈ ಮಣ್ಣಿಗೆ ಬರಲಿಲ್ಲ, ಜೇಡಿಯೇ ಇಲ್ಲದ ನೆಲ ಅದಕ್ಕೆ ಒಗ್ಗದು. ಹಾಗಾಗಿ ಕಸಿ ಕಟ್ಟದ ಹಳೇ ಬೇರುಗಳು ಇಲ್ಲಿ ಇನ್ನೂ ಇವೆ. ತಳಿ ಅಸಿರ್ತಿಕೊ, ಬಿಳಿ ವೈನು. ನಿಂಬೆಯಷ್ಟು ಚುರುಕು, ಕೊನೆಗೆ ನಾಲಿಗೆಯಲ್ಲಿ ಒಂದು ಉಪ್ಪಿನ ನೆನಪು. ಬಿಸಿಲಿನಲ್ಲಿ ಒಣಗಿಸಿದ ದ್ರಾಕ್ಷಿಯಿಂದ ಮಾಡಿ, ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿಟ್ಟ ಸಿಹಿ ವೈನು ವಿನ್‌ಸಾಂಟೊ. ಅದನ್ನು ಬಿಟ್ಟು ಬರಬೇಡಿ.

ಸಮುದ್ರದ ವಿಷಯಕ್ಕೆ ಬಂದರೆ ಇಲ್ಲಿ ಎರಡು ಥರ ಇದೆ. ಬಂಡೆಯ ಅಂಚಿನ ವೈನರಿಗಳಿಂದ ಸಮುದ್ರ ಬಹಳ ಕೆಳಗೆ ಕಾಣುತ್ತದೆ. ಸಹಕಾರ ಸಂಘದ ಸ್ಯಾಂಟೊ ವೈನ್ಸ್ ಅಂಥದ್ದು, ಸಂಜೆ ಜಾತ್ರೆ. ಹತ್ತಿರದ ವೆನೆತ್ಸಾನೋಸ್ 1947ರದ್ದು. ಕರೆಂಟು ಇಲ್ಲದ ಕಾಲವಾದ್ದರಿಂದ ರಸ ತಾನಾಗಿ ಕೆಳಗಿಳಿಯುವಂತೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ನನಗೆ ಇಷ್ಟವಾದದ್ದು ಇನ್ನೊಂದು ಬದಿ. ಗಾಯಾ ವೈನರಿ ಇರುವುದು ಹಳೇ ಟೊಮೆಟೊ ಕಾರ್ಖಾನೆಯಲ್ಲಿ, ನೇರ ಕಪ್ಪು ಮರಳಿನ ದಂಡೆಯ ಮೇಲೆ. ಅಲ್ಲಿ ಗ್ಲಾಸು ಹಿಡಿದರೆ ಅಲೆಯ ಸದ್ದು ಕೇಳುತ್ತದೆ.

ಕಾರಿನ ಕೀ ಇಲ್ಲಿ ತೊಂದರೆಯೇ. ಟ್ಯಾಕ್ಸಿ ಕಡಿಮೆ. ಬಸ್ಸುಗಳೆಲ್ಲ ಫಿರಾ ಊರಿಗೆ ಬಂದು ಹೋಗುವಂಥವು, ಒಂದು ವೈನರಿಯಿಂದ ಇನ್ನೊಂದಕ್ಕೆ ಹೋಗಲು ಆಗಿಬರುವುದಿಲ್ಲ. ಅರ್ಧ ದಿನದ ವೈನ್ ಟೂರ್ ತೆಗೆದುಕೊಳ್ಳಿ. ಒಬ್ಬರಿಗೆ 100 ಯೂರೋ ದಾಟುತ್ತದೆ, ನಿಜ. ಆದರೆ ಆ ರಸ್ತೆಯ ತಿರುವುಗಳನ್ನು ನೋಡಿದ ಮೇಲೆ ದುಬಾರಿ ಅನ್ನಿಸುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಸಂತೋಷದ ಸುದ್ದಿ. ದ್ವೀಪದ ಹೆಸರುವಾಸಿ ಅಡುಗೆ ‘ಫಾವಾ’ ಅಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಎಣ್ಣೆ, ಈರುಳ್ಳಿ ಹಾಕಿದ್ದು. ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಅನ್ನಿ. ಜೊತೆಗೆ ಟೊಮೆಟೊ ಬೋಂಡಾದಂಥ ತೊಮಾತೊಕೆಫ್ತೆದೆಸ್. ಅಸಿರ್ತಿಕೊ ಜೊತೆ ಇವೆರಡೂ ಇದ್ದರೆ ಮೀನಿನ ಹಂಗಿಲ್ಲ. ಕುಡಿಯದವರಿಗೆ ಅಕ್ರೊತಿರಿಯಲ್ಲಿ ಬೂದಿಯಡಿ ಉಳಿದ ಪುರಾತನ ಪಟ್ಟಣ ಇದೆ. ಕೆಟ್ಟದ್ದು ಅಂದರೆ ಜನ. ಜುಲೈ, ಆಗಸ್ಟಿನಲ್ಲಿ ಕ್ರೂಸ್ ಹಡಗುಗಳು ಬಂದು ನಿಂತರೆ ಗಲ್ಲಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹೋಟೆಲ್ ಬಾಡಿಗೆಯೂ ಆಕಾಶಕ್ಕೆ. ಸೋದರತ್ತೆಯ ಮಗಳಿಗೆ ನಾನು ಹೇಳಿದ್ದು ಸ್ಯಾಂಟೊರಿನಿಯನ್ನೇ, ಆದರೆ ಮೇ ಮೊದಲ ಎರಡು ವಾರಕ್ಕೆ. ಗ್ರೀಸಿಗೆ ಬೇಕಾದ ಷೆಂಗೆನ್ ವೀಸಾಗೆ 90 ಯೂರೋ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಸಿಗೆ ರಜೆಗೆ ಹೋಗುವವರು ಸಂಕ್ರಾಂತಿ ಹೊತ್ತಿಗೇ ಹಾಕಿಬಿಡಿ.

ಕೇಪ್‌ಟೌನ್, ದಕ್ಷಿಣ ಆಫ್ರಿಕಾ

ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸಿದ ಜಾಗ ಇಲ್ಲ. ರ್‍ಯಾಂಡ್ ಅಂದರೆ ಸುಮಾರು 5 ರೂಪಾಯಿ. ಐದು ಬಗೆ ರುಚಿ ನೋಡಲು ನೂರಿನ್ನೂರು ರ್‍ಯಾಂಡ್. ಒಳ್ಳೆಯ ಬಾಟಲಿ ವೈನರಿಯಲ್ಲೇ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಅದೇ ಬಾಟಲಿಯ ಬೆಲೆ ನೋಡಿದರೆ ನಗು ಬರುತ್ತದೆ.

ಕಾನ್‌ಸ್ಟಾನ್ಷಿಯಾ ಅನ್ನುವ ಬಡಾವಣೆ ಊರಿನೊಳಗೇ ಇದೆ. 1685ರಲ್ಲಿ ಡಚ್ ಗವರ್ನರ್ ಸಿಮೊನ್ ಫಾನ್ ಡೆರ್ ಸ್ಟೆಲ್‌ಗೆ ಸಿಕ್ಕಿದ ಜಮೀನು ಇದು. ಬೆಟ್ಟದ ಮಗ್ಗುಲು, ಎದುರಿಗೆ ಫಾಲ್ಸ್ ಬೇ ಕೊಲ್ಲಿ, ಬೇಸಿಗೆಯಲ್ಲಿ ಅಲ್ಲಿಂದ ನುಗ್ಗುವ ಆಗ್ನೇಯ ಗಾಳಿ. ಇಲ್ಲಿನ ಸಿಹಿ ವೈನನ್ನು ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪದ ಸೆರೆಯಲ್ಲಿ ಕೂತು ತರಿಸಿ ಕುಡಿಯುತ್ತಿದ್ದ. ಆ ಪರಂಪರೆಯದ್ದೇ ಇವತ್ತಿನ ಕ್ಲೈನ್ ಕಾನ್‌ಸ್ಟಾನ್ಷಿಯಾದ ವಿನ್ ದ ಕಾನ್‌ಸ್ಟಾನ್ಸ್. ಇನ್ನೊಂದು ಮಾತನ್ನು ಗೈಡುಗಳು ಬೇಗ ದಾಟಿಬಿಡುತ್ತಾರೆ. ಈ ತೋಟಗಳನ್ನು ಕಟ್ಟಿದ್ದು ಗುಲಾಮರು. ಆಗ ಕೇಪ್‌ಗೆ ತಂದ ಗುಲಾಮರಲ್ಲಿ ಬಂಗಾಳ, ಮಲಬಾರು, ಕೋರಮಂಡಲ ತೀರದಿಂದ ಹಿಡಿದು ತಂದವರೂ ಇದ್ದರು. ಖ್ರೂಟ್ ಕಾನ್‌ಸ್ಟಾನ್ಷಿಯಾದ ಬಿಳಿ ಬಂಗಲೆ ಈಗ ಮ್ಯೂಸಿಯಂ. ಟೇಸ್ಟಿಂಗಿಗೆ ಮೊದಲು ಅಲ್ಲಿ ಅರ್ಧ ಗಂಟೆ ಇದ್ದು ಬನ್ನಿ.

ಕಣ್ಣೆದುರೇ ಸಮುದ್ರ ಬೇಕೆಂದರೆ ನೂರ್ಡ್‌ಹುಕ್‌ನ ಕೇಪ್ ಪಾಯಿಂಟ್ ವಿನ್ಯಾರ್ಡ್ಸ್‌ಗೆ ಹೋಗಿ. ಹುಲ್ಲಿನ ಮೇಲೆ ಕೂತರೆ ಕೆಳಗೆ ಅಟ್ಲಾಂಟಿಕ್‌ನ ಉದ್ದ ಬಿಳಿ ದಂಡೆ. ಎರಡು ದಿನ ಜಾಸ್ತಿ ಇದ್ದರೆ 120 ಕಿಲೋಮೀಟರ್ ದೂರದ ಹರ್ಮಾನಸ್. ಊರ ಹಿಂದಿನ ಕಣಿವೆಯ ಹೆಸರು ಹೆಮೆಲ್-ಎನ್-ಆರ್ಡೆ, ಅಂದರೆ ಸ್ವರ್ಗ ಮತ್ತು ಭೂಮಿ. 1975ರಲ್ಲಿ ಟಿಮ್ ಹ್ಯಾಮಿಲ್ಟನ್ ರಸೆಲ್ ಇಲ್ಲಿ ಜಾಗ ಕೊಂಡಾಗಿನಿಂದ ಇದು ಪಿನೋ ನ್ವಾರ್ ಅನ್ನುವ ಕೆಂಪು ವೈನ್ ತಳಿ ಮತ್ತು ಶಾರ್ಡನೇ ಅನ್ನುವ ಬಿಳಿ ವೈನ್ ತಳಿಯ ಕಣಿವೆಯಾಯಿತು. ಜೂನ್‌ನಿಂದ ನವೆಂಬರ್‌ವರೆಗೆ ಹರ್ಮಾನಸ್‌ನ ಬಂಡೆಗಳ ಮೇಲೆ ನಿಂತೇ ತಿಮಿಂಗಿಲ ನೋಡಬಹುದು, ದೋಣಿಯೂ ಬೇಡ. ತಿಮಿಂಗಿಲ ಕಂಡರೆ ಕೊಂಬು ಊದಿ ಊರಿಗೆ ಸಾರಲು ಒಬ್ಬ ಮನುಷ್ಯನನ್ನೇ ಇಟ್ಟುಕೊಂಡ ಊರು ಅದು! ದಸರಾ ರಜೆಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ನನಗೆ ಗೊತ್ತಿಲ್ಲ. ತಾಯಿ ಮರಿ ಜೊತೆಯಾಗಿ ತೀರಕ್ಕೆ ಬರುವ ಕಾಲ.

ಕಾನ್‌ಸ್ಟಾನ್ಷಿಯಾ ಮಟ್ಟಿಗೆ ಕಾರಿನ ಕೀ ಮರೆತುಬಿಡಿ, ಊಬರ್ ಸಾಕು, ಅಗ್ಗವೂ ಹೌದು. ಹರ್ಮಾನಸ್‌ಗೆ ಮಾತ್ರ ಡ್ರೈವರ್ ಸಮೇತ ಗಾಡಿ ಗೊತ್ತು ಮಾಡಿಕೊಳ್ಳಿ. ಮಕ್ಕಳಿದ್ದರೆ ಮ್ಯೂಜೆನ್‌ಬರ್ಗ್ ದಂಡೆ, ಬೌಲ್ಡರ್ಸ್‌ನ ಪೆಂಗ್ವಿನ್‌ಗಳು. ಎಚ್ಚರ ಬೇಕಾದ್ದು ಒಂದೇ: ಕತ್ತಲಾದ ಮೇಲೆ ಸುಮ್ನೆ ನಡೆದು ಸುತ್ತಾಡಬೇಡಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ಕೊಲ್ಲಿ ದೇಶಗಳ ಮೂಲಕವೋ ಆಡಿಸ್ ಅಬಾಬ ಮೂಲಕವೋ ಹೋಗಬೇಕು. ಆ ಒಂದು ದಿನ ದಂಡ.

ವೈಹೆಕೆ, ನ್ಯೂಜಿಲೆಂಡ್

ಮೇಷ್ಟ್ರಿಗೆ ಉತ್ತರ ಕೊಡಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಆಕ್ಲೆಂಡ್ ಪೇಟೆಯಿಂದ ಫೆರ್ರಿ ಹತ್ತಿದರೆ 40 ನಿಮಿಷ. ದ್ವೀಪ 92 ಚದರ ಕಿಲೋಮೀಟರ್, ಬಸ್ಸಿದೆ. ಕೀ ಪ್ರಶ್ನೆಯೇ ಏಳುವುದಿಲ್ಲ. 1978ರಲ್ಲಿ ಗೋಲ್ಡ್‌ವಾಟರ್ ದಂಪತಿ ಮೊದಲ ವೈನ್ ಬಳ್ಳಿ ನೆಟ್ಟರು. ಆಕ್ಲೆಂಡಿಗಿಂತ ಇಲ್ಲಿ ಕೊಂಚ ಬೆಚ್ಚಗೆ, ಹಾಗಾಗಿ ಸಿರಾ, ಕ್ಯಾಬರ್ನೆ ಥರದ ಕೆಂಪು ವೈನಿಗೆ ಹೆಸರು. ಮಡ್‌ಬ್ರಿಕ್‌ನಂಥ ಗುಡ್ಡದ ಮೇಲಿನ ವೈನರಿಯಲ್ಲಿ ಕೂತರೆ ಕೊಲ್ಲಿಯಾಚೆ ಆಕ್ಲೆಂಡಿನ ಗೋಪುರಗಳು ಕಾಣುತ್ತವೆ. ಮ್ಯಾನ್ ಓ ವಾರ್ ಅನ್ನುವುದು ಪೂರ್ವ ತುದಿಯಲ್ಲಿ, ದಂಡೆಗೆ ತಾಗಿಯೇ ಇದೆ. ಸೊಗಸು ಹೌದು, ಆದರೆ ಅಲ್ಲಿಗೆ ಹೋಗುವ ಕಚ್ಚಾ ರಸ್ತೆ ವಯಸ್ಸಾದವರ ಸೊಂಟಕ್ಕಲ್ಲ.

ಮೇಷ್ಟ್ರ ಮನೆಯವರು ವೈನ್ ಮುಟ್ಟುವುದಿಲ್ಲ. ಅವರಿಗೆ ಓನೆರೋವಾ ದಂಡೆ, ಅಂಗಡಿ, ಮಗಳು ಜೊತೆಗಿದ್ದರೆ ಸಾಕು. ಸಂಜೆ ಫೆರ್ರಿಯಲ್ಲಿ ವಾಪಸು ಬಂದು ಮನೆಯಲ್ಲೇ ಅನ್ನ ಸಾರು. ಇದೇ ಕಾರಣಕ್ಕೆ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಆಕ್ಲೆಂಡಿನಲ್ಲಿ ನಿಮ್ಮವರು ಯಾರೂ ಇಲ್ಲದಿದ್ದರೆ, ಬರೀ ವೈಹೆಕೆಗಾಗಿ ಅಷ್ಟು ದೂರ ಹಾರಬೇಡಿ. ಜಾಗ ಚಿಕ್ಕದು, ಬೆಲೆ ದೊಡ್ಡದು. ಎರಡು ದಿನದಲ್ಲಿ ಮುಗಿಯುತ್ತದೆ. ಮೆಲ್ಬರ್ನ್‌ನಲ್ಲಿ ಮಕ್ಕಳಿರುವವರಿಗೂ ಇದೇ ಲೆಕ್ಕ: ಒಂದು ಗಂಟೆಯ ದಾರಿಯಲ್ಲಿ ಮಾರ್ನಿಂಗ್ಟನ್ ಪೆನಿನ್ಸುಲಾ ಇದೆ, ಪಿನೋ ನ್ವಾರ್ ಚೆನ್ನಾಗಿರುತ್ತದೆ, ಹೋಗಿ ಬನ್ನಿ.

ಮಾರ್ಗರೆಟ್ ರಿವರ್, ಆಸ್ಟ್ರೇಲಿಯಾ

ಪರ್ತ್‌ನಿಂದ ದಕ್ಷಿಣಕ್ಕೆ ಸುಮಾರು 270 ಕಿಲೋಮೀಟರ್, ಮೂರು ಗಂಟೆ. ಮೊದಲೇ ಹೇಳಿಬಿಡುತ್ತೇನೆ, ಹೆಚ್ಚಿನ ವೈನರಿಗಳಿಂದ ಸಮುದ್ರ ಕಾಣುವುದಿಲ್ಲ. ನಡುವೆ ಮರಗಳು. ಆದರೆ ಹತ್ತು ನಿಮಿಷ ಕಾರು ಓಡಿಸಿದರೆ ಎದುರಿಗೆ ಹಿಂದೂ ಮಹಾಸಾಗರ. ಪಡುವಣ ಕರಾವಳಿಯಾದ್ದರಿಂದ ಮಲ್ಪೆಯ ಹಾಗೆಯೇ ಸೂರ್ಯ ನೀರಿಗೇ ಇಳಿಯುತ್ತಾನೆ. ನೀವು ವೈನನ್ನು ನಿಜವಾಗಿ ಹಚ್ಚಿಕೊಂಡವರಾದರೆ, ನೋಟಕ್ಕಿಂತ ಗ್ಲಾಸಿನೊಳಗಿನದು ಮುಖ್ಯ ಅನ್ನುವವರಾದರೆ, ಈ ಪಟ್ಟಿಯಲ್ಲಿ ನನ್ನ ಓಟು ಇದಕ್ಕೇ. ಶಾರ್ಡನೇ, ಕ್ಯಾಬರ್ನೆ ಸೊವಿನ್ಯೋಂ ಎರಡರಲ್ಲೂ ಲೋಕದ ಮೇಲಿನ ಸಾಲಿನ ವೈನು. 1960ರ ದಶಕದಲ್ಲಿ ಜಾನ್ ಗ್ಲ್ಯಾಡ್‌ಸ್ಟೋನ್ಸ್ ಅನ್ನುವ ಕೃಷಿ ವಿಜ್ಞಾನಿ ಈ ಹವೆ ಫ್ರಾನ್ಸಿನ ಹೆಸರಾಂತ ವೈನ್ ನಾಡು ಬೋರ್ಡೋಗೆ ಹತ್ತಿರ ಅಂತ ಬರೆದರು. ಅದನ್ನು ನಂಬಿ ಟಾಮ್ ಕಲಿಟಿ ಅನ್ನುವ ವೈದ್ಯರು 1967ರಲ್ಲಿ ವಾಸ್ ಫೀಲಿಕ್ಸ್ ತೋಟ ನೆಟ್ಟರು. ಹಿಂದೆ ಹಸು ಕಟ್ಟುತ್ತಿದ್ದ ನಾಡು ಅದು.

ಕಾರು ಇಲ್ಲದೆ ಇಲ್ಲಿ ನಡೆಯುವುದಿಲ್ಲ. ನನ್ನ ನಾಲ್ಕು ಗೆಳೆಯರಲ್ಲಿ ಒಬ್ಬ ಎರಡು ವರ್ಷದಿಂದ ಕುಡಿಯುವುದನ್ನು ಬಿಟ್ಟಿದ್ದಾನೆ. ಅವನು ಒಪ್ಪಿದರೆ ಹೋಗಿ, ಪಾಪ, ಊಟದ ಬಿಲ್ಲು ಅವನ ತಲೆ ಮೇಲೆ ಹಾಕಬೇಡಿ ಅಂದೆ. ಒಪ್ಪಿದ್ದಾನೆ. ಅವನಿಗೆ ಸುಣ್ಣದ ಕಲ್ಲಿನ ಗುಹೆಗಳಿವೆ, ಬಸಲ್ಟನ್‌ನಲ್ಲಿ ಸಮುದ್ರದೊಳಕ್ಕೆ 1,841 ಮೀಟರ್ ಚಾಚಿದ ಮರದ ಜೆಟ್ಟಿ ಇದೆ.

ಇನ್ನೆರಡು, ಬೇಗ

ಪೋರ್ಚುಗಲ್‌ನ ಕೊಲಾರೆಸ್. ನಮ್ಮ ಕೋಲಾರಕ್ಕೂ ಇದಕ್ಕೂ ಸಂಬಂಧ ಇಲ್ಲ! ಲಿಸ್ಬನ್‌ನಿಂದ ಸಿಂತ್ರಾಗೆ ಮುಕ್ಕಾಲು ಗಂಟೆಯೊಳಗೆ ರೈಲು, ಅಲ್ಲಿಂದ ಸ್ವಲ್ಪ ದೂರ. ಇಲ್ಲಿ ಬಳ್ಳಿ ಇರುವುದು ಸಮುದ್ರದ ಮರಳಿನಲ್ಲಿ. ಮರಳಿನಡಿಯ ಜೇಡಿ ಸಿಗುವವರೆಗೆ ಆಳಕ್ಕೆ ತೋಡಿ ನೆಡಬೇಕು. ಗುಂಡಿ ಕುಸಿದರೆ ಉಸಿರಾಡಲು ಇರಲಿ ಅಂತ ಹಿಂದಿನ ಕಾಲದ ಆಳುಗಳು ತಲೆಗೆ ಬುಟ್ಟಿ ಹಾಕಿಕೊಂಡು ಇಳಿಯುತ್ತಿದ್ದರಂತೆ. ಲಿಸ್ಬನ್ ಬೆಳೆದು ತೋಟಗಳನ್ನು ನುಂಗಿ ಈಗ ಉಳಿದಿರುವುದು ಚೂರು. 1931ರ ಸಹಕಾರಿ ವೈನರಿ ಇದೆ. ರಮಿಷ್ಕೊ ಅನ್ನುವ ಕೆಂಪು ವೈನು ಒಗರೋ ಒಗರು, ಎಲ್ಲರಿಗೂ ಹಿಡಿಸದು. ಇದು ವಾರದ ರಜೆಯಲ್ಲ, ಲಿಸ್ಬನ್ ನೋಡಲು ಹೋದವರು ಒಂದು ದಿನ ಎತ್ತಿಡಬೇಕಾದ್ದು. ಯುರೋಪಿನಲ್ಲಿ ಖರ್ಚು ಹಿಡಿತದಲ್ಲಿರಬೇಕು ಅನ್ನುವವರಿಗೆ ಸ್ಯಾಂಟೊರಿನಿಗಿಂತ ಇದು ವಾಸಿ.

ಸ್ಪೇನ್‌ನ ರಿಯಾಸ್ ಬೈಶಾಸ್‌ನಲ್ಲಿ ದೊಡ್ಡಬಳ್ಳಾಪುರದ ಕಡೆ ಇದ್ದ ಹಾಗೆ ಕಲ್ಲು ಕಂಬದ ಮೇಲೆ ದ್ರಾಕ್ಷಿ ಚಪ್ಪರ ಇದೆ, ಅಲ್ಬಾರಿನ್ಯೊ ವೈನು ತಣ್ಣಗೆ ಚೆನ್ನ. ಆದರೆ ಅಲ್ಲಿನ ಸುಖವೆಲ್ಲ ಚಿಪ್ಪು, ಆಕ್ಟೋಪಸ್ ಜೊತೆ. ಶುದ್ಧ ಸಸ್ಯಾಹಾರಿಗಳು ಹೋಗಿ ಅರ್ಧ ಸುಖ ಪಟ್ಟು ಬರುವುದು ಬೇಡ.

ಸಸ್ಯಾಹಾರಿಗಳಿಗೇ ಇನ್ನೊಂದು ಮಾತು. ವೈನು ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನು, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ. ಆಮೇಲೆ ಅದನ್ನು ಸೋಸಿ ತೆಗೆಯುತ್ತಾರೆ, ಆದರೂ ಮನಸ್ಸಿಗೆ ಒಪ್ಪದವರು ಮೊದಲೇ ‘ವೀಗನ್ ಇದೆಯಾ’ ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತಿಂಗಳು ನೋಡಿ ಆರಿಸುವವರಿಗೆ: ಏಪ್ರಿಲ್ ಕೊನೆ, ಮೇ ಆದರೆ ಯುರೋಪು. ಆಗ ದಕ್ಷಿಣಾರ್ಧಗೋಳದ ದೇಶಗಳಲ್ಲಿ ಕೊಯ್ಲು ಮುಗಿದು ಚಳಿ ಶುರುವಾಗಿರುತ್ತದೆ. ಅಕ್ಟೋಬರಿಗೆ ಕೇಪ್. ಡಿಸೆಂಬರ್, ಜನವರಿ ದಕ್ಷಿಣದಲ್ಲಿ ಹೊಳೆಯುವ ಬೇಸಿಗೆ, ಆದರೆ ಅವರಿಗೂ ಅದೇ ರಜೆ, ಎಲ್ಲವೂ ದುಬಾರಿ. ಗೊಂಚಲು ಕೊಯ್ಯುವುದನ್ನೇ ನೋಡಬೇಕೆಂದರೆ ದಕ್ಷಿಣದಲ್ಲಿ ಫೆಬ್ರವರಿ, ಮಾರ್ಚ್, ಸ್ಯಾಂಟೊರಿನಿಯಲ್ಲಿ ಆಗಸ್ಟ್.

ವಾಪಸು ಬರುವಾಗ ಒಬ್ಬ ವಯಸ್ಕರು ಸುಂಕವಿಲ್ಲದೆ ತರಬಹುದಾದ್ದು ಎರಡು ಲೀಟರ್. ಎರಡು ಮಾಮೂಲಿ ಬಾಟಲಿ ಇಟ್ಟರೆ ಒಂದೂವರೆ ಲೀಟರ್, ಮಿಕ್ಕ ಅರ್ಧ ಲೀಟರ್ ಸುಮ್ನೆ ಬಿಟ್ಟು ಬರುವವರೇ ಜಾಸ್ತಿ. ವಿನ್ ದ ಕಾನ್‌ಸ್ಟಾನ್ಸ್ ಬರುವುದೇ 500 ಮಿಲಿ ಬಾಟಲಿಯಲ್ಲಿ. ಲೆಕ್ಕ ಸರಿಯಾಗಿ ಎರಡಕ್ಕೆ ನಿಲ್ಲುತ್ತದೆ. ಬಾಟಲಿಗಳನ್ನು ಚೆಕ್-ಇನ್ ಪೆಟ್ಟಿಗೆಯ ನಡುವೆ, ಜೀನ್ಸ್ ಪ್ಯಾಂಟಿನಲ್ಲಿ ಸುತ್ತಿಡಿ. ಪಂಚೆಯಲ್ಲಿ ಬೇಡ. ನಾನು ಹಾಗೆ ಸುತ್ತಿ ತಂದ ಒಂದು ಕೆಂಪು ವೈನಿನ ಬಾಟಲಿ ಕೆಂಪೇಗೌಡ ನಿಲ್ದಾಣ ತಲುಪುವ ಹೊತ್ತಿಗೆ ಬಿರುಕು ಬಿಟ್ಟಿತ್ತು. ಆ ಪಂಚೆ ಈಗ ಸ್ಕೂಟರ್ ಒರೆಸಲು ಇದೆ.